ಶಾಟಿನ ನಡುವೆ ಬಿಚ್ಚಿದ ಬ್ಯಾಡ್ಜ್

"ಎರಡರಷ್ಟು ಬಂದಿದೆ ಅಕ್ಕ," ಎಂದಳು ತಂಗಿ ಫೋನಿನಲ್ಲಿ.

ನಾನು ಕಾರ್ಖಾನೆಯ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಗ್ರೈಂಡರುಗಳ ಗಲಾಟೆ. ಒಂದು ಕಿವಿ ಮುಚ್ಚಿಕೊಂಡು, ಇನ್ನೊಮ್ಮೆ ಹೇಳು ಎಂದೆ. ಅವಳು ಅದೇ ಮೆತ್ತಗಿನ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಗೆದ್ದವಳು ಸ್ವಲ್ಪ ಮೆರೆದರೆ ನಾಲ್ಕು ಮಾತು ಬೈದು ಹಗುರಾಗಬಹುದು. ನನ್ನ ತಂಗಿ ಗೆದ್ದಾಗಲೂ ಒಳ್ಳೆಯವಳಾಗಿಯೇ ಇರುತ್ತಾಳೆ. ಚಿಕ್ಕಂದಿನಿಂದ ನನಗೆ ಸಹಿಸಲಾಗದ ಸಂಗತಿ ಅದು.

ಹೊಸದಾಗಿ ಓದುವವರಿಗೆ ಒಂದೇ ಮಾತು. ಈ ಬಾಯ್ಲರ್ ಕಾರ್ಖಾನೆಯಲ್ಲಿ ಗಾಮಾ ಕಿರಣದ ಕೆಲಸ ಮಾಡುವ, ಎಲ್ಲರೂ ಸೀಟಿ ಎಂದು ಕರೆಯುವ ಯುವಕನ ಬ್ಯಾಡ್ಜ್ ಇಪ್ಪತ್ತು ವರ್ಷದ ಪಾಲಿನ ವಿಕಿರಣವನ್ನು ಒಂದೇ ತಿಂಗಳಲ್ಲಿ ತೋರಿಸಿತ್ತು. ಅವನು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಮಲಗಿದ್ದ; ಮೈಗೆ ಎಷ್ಟು ತಾಗಿದೆ ಎಂದು ರಕ್ತವೂ ಹೇಳುತ್ತದೆ. ಆ ವಿಕಿರಣ ನಿಜಕ್ಕೂ ಯಾರ ಮೈಗೆ ತಾಗಿದೆ ಎಂದು ಪತ್ತೆ ಮಾಡಲು ನಮ್ಮ ತಪಾಸಣಾ ಕಚೇರಿ ನನ್ನನ್ನು ಕಳಿಸಿತ್ತು.

ಬ್ಯಾಡ್ಜ್ ಎಂದರೆ ಅಂಗಿಯ ಜೇಬಿಗೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಬಿಲ್ಲೆಗಳು ತಮಗೆ ತಾಗಿದ ವಿಕಿರಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ನನ್ನ ತಂಗಿ ನಮ್ಮ ಕಚೇರಿಯ ಪ್ರಯೋಗಾಲಯದಲ್ಲಿ ಅವನ್ನು ಕಾಯಿಸಿ, ಹೊಮ್ಮುವ ಬೆಳಕನ್ನು ಅಳೆದು, ಇಷ್ಟು ತಾಗಿದೆ ಎಂದು ಹೇಳುತ್ತಾಳೆ. ಆದರೆ ಆ ಹೊತ್ತಿನಲ್ಲಿ ಬ್ಯಾಡ್ಜ್ ಯಾರ ಎದೆಯ ಮೇಲಿತ್ತು, ಎದೆಯ ಮೇಲೆ ಇತ್ತೋ ಇಲ್ಲವೋ ಎಂಬುದು ಬಿಲ್ಲೆಗೆ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವ ತಲೆನೋವು ನನ್ನದು.

ಎದೆಯ ಮೇಲೆ ಇರಲಿಲ್ಲ ಎಂಬುದು ಕಳೆದ ವಾರವೇ ಖಾತ್ರಿಯಾಗಿತ್ತು. ಈ ಕಾರ್ಖಾನೆಯಲ್ಲಿ ಉಕ್ಕಿನ ತಟ್ಟೆಗಳ ಬೆಸುಗೆಯೊಳಗೆ ಬಿರುಕು ಇದೆಯೇ ಎಂದು ನೋಡಲು ಗಾಮಾ ಕಿರಣ ಹಾಯಿಸಿ ಫಿಲಂ ತೆಗೆಯುತ್ತಾರೆ; ಒಂದು ಸಲ ಹಾಯಿಸಿದರೆ ಒಂದು ಶಾಟ್. ಕೆಟ್ಟ ಫಿಲಂಗಳನ್ನು ಎಸೆಯುವುದಿಲ್ಲ. ಅವುಗಳಿಂದ ಬೆಳ್ಳಿ ತೆಗೆಯುವವನು ಬಂದು ಒಯ್ಯುವವರೆಗೆ ಒಂದು ಪೆಟ್ಟಿಗೆಯಲ್ಲಿ ತುಂಬಿಡುತ್ತಾರೆ. ಆ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು, ಕೈಯೆಲ್ಲ ಹುಳಿ ವಾಸನೆ ಮಾಡಿಕೊಂಡು, ಬೇಕಾದ ಒಂದು ಫಿಲಂ ಹುಡುಕಿದವಳು ನಾನು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಾಹೇಬರು ಆ ಫಿಲಂ ನೋಡಿ ಹೊಗಳಿದ್ದು ನನ್ನ ತಂಗಿಯನ್ನು.

ಫಿಲಮಿನಲ್ಲಿ ಬೆಸುಗೆಯ ಗೆರೆಗೆ ಅಡ್ಡವಾಗಿ ಅಂಗೈಯಗಲದ ಮಬ್ಬು ಚೌಕ ಬಿದ್ದಿತ್ತು. ಚೌಕದೊಳಗೆ ಮೂರು ದುಂಡು ಕಲೆ, ಮೇಲ್ತುದಿಯಲ್ಲಿ ಕ್ಲಿಪ್ಪಿನ ಹಲ್ಲು. ಅದು ಬ್ಯಾಡ್ಜಿನ ನೆರಳು. ಯಾರೋ ಸೀಟಿಯ ಬ್ಯಾಡ್ಜನ್ನು ಕಿರಣಕ್ಕೆ ಎದುರಾಗಿ ನೇತುಹಾಕಿ ಶಾಟ್ ಹೊಡೆದಿದ್ದರು.

ನಾನು ಅಲ್ಲಿಗೆ ನಿಲ್ಲಿಸಿದ್ದೆ. ತಂಗಿ ನಿಲ್ಲಿಸಲಿಲ್ಲ. ನೆರಳಿನ ಅಗಲ ಅಳೆದು ಬ್ಯಾಡ್ಜ್ ಎಲ್ಲಿ ತೂಗುತ್ತಿತ್ತು ಎಂದು ಲೆಕ್ಕ ಹಾಕಿದಳು. ಅದೇ ಜಾಗದಲ್ಲಿ ಹೊಸ ಬ್ಯಾಡ್ಜ್ ಕಟ್ಟಿ, ಅದೇ ದಪ್ಪದ ತಟ್ಟೆಗೆ ಅಂಥದೇ ಶಾಟ್ ಹೊಡೆದು ನೋಡೋಣ ಎಂದಳು. ಕಿರಣ ಹೊಮ್ಮಿಸುವ ಲೋಹದ ಕಾಳು, ಅಂದರೆ ಸೋರ್ಸ್, ಅದರ ಶಕ್ತಿ ದಿನ ಕಳೆದಂತೆ ಇಳಿಯುತ್ತದಲ್ಲ, ಅದನ್ನೂ ಕೂಡಿಸಿ ಕಳೆದು ಇಟ್ಟುಕೊಂಡಳು. ನಿನ್ನೆ ನಮ್ಮ ಕಚೇರಿಯವರೇ ಬಂದು ಆ ಪರೀಕ್ಷೆ ಮಾಡಿದ್ದರು. ಸೀಟಿಯ ಬ್ಯಾಡ್ಜಿನಷ್ಟೇ ಬರಬೇಕಿತ್ತು. ಅದರ ಎರಡರಷ್ಟು ಬಂದಿದೆ.

ಎಂದರೆ ಸೀಟಿಯ ಬ್ಯಾಡ್ಜ್ ಅಲ್ಲಿ ಶಾಟಿನುದ್ದಕ್ಕೂ ಇರಲಿಲ್ಲ. ಅರ್ಧದಲ್ಲೇ ಯಾರೋ ಬಿಚ್ಚಿದ್ದಾರೆ. ಬ್ಯಾಡ್ಜಿಗೆ ಕಾಲಿಲ್ಲ; ಅದು ತಾನೇ ಇಳಿದು ಬಂದು, ಬ್ಯಾಡ್ಜುಗಳನ್ನು ಬಿಚ್ಚಿಡುವ ಗೂಟಕ್ಕೆ ತೂಗುಬೀಳುವುದಿಲ್ಲ. ಸೋರ್ಸ್ ಹೊರಗಿರುವಾಗ, ಕೆಂಪು ದೀಪ ಉರಿಯುತ್ತಿರುವಾಗ, ಒಬ್ಬ ಮನುಷ್ಯ ಅದರ ಎದುರಿಗೆ ಹೋಗಿ ನಿಂತಿದ್ದಾನೆ. ಆ ಮನುಷ್ಯ ಈಗಲೂ ಊಟ ಮಾಡಿಕೊಂಡು, ಕೆಲಸ ಮಾಡಿಕೊಂಡು, ಯಾವ ವೈದ್ಯರಿಗೂ ತೋರಿಸದೆ ಓಡಾಡುತ್ತಿದ್ದಾನೆ.

"ಬೇಗ ಗೊತ್ತಾಗ್ಬೇಕು ಅಕ್ಕ," ಎಂದಳು ತಂಗಿ. "ಗಂಟು ಹಾಕಿ ಕಟ್ಟಿದ್ರೆ ಬಿಚ್ಚೋಕೆ ಹೊತ್ತು ಹಿಡಿಯತ್ತೆ. ಕೈ ಅಷ್ಟು ಹತ್ರ ಇರತ್ತೆ. ಒಳಗೆ ಹೋದವರು ಯಾರೇ ಇರ್ಲಿ, ಇವತ್ತೇ ರಕ್ತ ಕೊಡ್ಬೇಕು."

ಸೀಟಿಯ ರಕ್ತದ ಫಲಿತಾಂಶ ಇನ್ನೇನು ಬರುತ್ತದೆ, ಬಂದ ತಕ್ಷಣ ಫೋನ್ ಮಾಡುತ್ತೇನೆ ಎಂದಳು. ನನಗೂ ಅಷ್ಟು ತಲೆ ಓಡುತ್ತದೆ ಎಂದು ಹೇಳಿ ಫೋನ್ ಇಟ್ಟೆ.

ಅಂದು ಆ ಶಾಟಿನ ಹತ್ತಿರ ಇದ್ದವರು ಮೂವರೇ, ಮೂವರೂ ಒಂದೇ ಮನೆಯವರು. ಹಿಡಿಕೆ ತಿರುಗಿಸಿ ಸೋರ್ಸನ್ನು ಅದರ ಪೆಟ್ಟಿಗೆಯಿಂದ ಹೊರಗೆ ತಳ್ಳುವವನು ಸೀಟಿಯ ಅಣ್ಣ. ಇಡೀ ಕಾರ್ಖಾನೆ ಅವನನ್ನು ಮೇಸ್ತ್ರಿ ಎನ್ನುತ್ತದೆ. ಜೊತೆಗಾರ ಸೀಟಿ. ಡಾರ್ಕ್‌ರೂಮಿನಲ್ಲಿ ಫಿಲಂ ತೊಳೆಯುವವಳು ಮೇಸ್ತ್ರಿಯ ಹೆಂಡತಿ, ಸೀಟಿಗೆ ಅತ್ತಿಗೆ. ಅವಳಿಗೆ ಫಿಲಮಕ್ಕ ಎಂದೇ ಹೆಸರು ಬಿದ್ದಿತ್ತು.

ತಮ್ಮನಿಗೆ ಕೆಲಸ ಕಲಿಸಿದವನು ಅಣ್ಣನೇ. ಕಲಿಸಿದ್ದು ಅತಿಯಾಯಿತೇನೋ. ಈಗ ಗಿರಾಕಿಗಳ ಕಡೆಯ ಇಂಜಿನಿಯರುಗಳು ಬಂದರೆ ಸೀಟಿ ಎಲ್ಲಿ ಎನ್ನುತ್ತಾರೆ. ಕ್ಯಾಂಟೀನಿನಲ್ಲಿ ಸೀಟಿ ಕೂತ ಬೆಂಚಿಗೆ ಜನ ಮುತ್ತುತ್ತಾರೆ. ಫಿಲಂ ನೋಡುವಾಗ ಅನುಮಾನ ಬಂದರೆ ಫಿಲಮಕ್ಕ ಮೊದಲು ಗಂಡನನ್ನು ಕೂಗುತ್ತಿದ್ದಳಂತೆ. ಇತ್ತೀಚೆಗೆ ಮೈದುನನನ್ನು ಕೂಗುತ್ತಾಳೆ. ಅವನು ಅತ್ತಿಗೆ ಅತ್ತಿಗೆ ಎಂದುಕೊಂಡು ಏನೋ ತಮಾಷೆ ಹೇಳುತ್ತಾನೆ, ಅವಳು ನಗುತ್ತಾಳೆ. ಇದನ್ನೆಲ್ಲ ನನಗೆ ಮೂರು ದಿನದಿಂದ ಮೂರು ಜನ ಹೇಳಿದ್ದರು, ಕೆಟ್ಟದ್ದೇನೂ ಇಲ್ಲ ಎಂದು ಕೊನೆಗೆ ಸೇರಿಸಿದ್ದರು.

ಕೆಟ್ಟದ್ದು ಇರಬೇಕಾಗಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ಸಾಕು, ಅದಕ್ಕಿಂತ ಕಡಿಮೆಯೂ ಸಾಕು. ನನ್ನ ಅಮ್ಮ ತಂಗಿಯ ತಟ್ಟೆಗೆ ಬಡಿಸುವಾಗ ಸೌಟು ಎಷ್ಟು ಬಾಗುತ್ತದೆ ಎಂದು ಕಣ್ಣಿಟ್ಟು ಬೆಳೆದವಳು ನಾನು. ಈ ವಯಸ್ಸಿನಲ್ಲೂ ಆ ಕಣ್ಣು ಹೋಗಿಲ್ಲ.

ಫಿಲಂ ನೋಡುವ ಕೋಣೆಗೆ ಮೇಸ್ತ್ರಿಯನ್ನು ಕರೆಸಿದೆ.

ಇಕ್ಕಟ್ಟಾದ ಕೋಣೆ ಅದು. ಗೋಡೆಗೆ ಒಂದು ಬೆಳಕಿನ ಪೆಟ್ಟಿಗೆ, ಎದುರಿಗೆ ಎರಡು ಕುರ್ಚಿ, ಪಕ್ಕದಲ್ಲಿ ಡಾರ್ಕ್‌ರೂಮಿಗೆ ಹೋಗುವ ಬಾಗಿಲು. ಮೇಸ್ತ್ರಿ ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು, ಕೂರಲೋ ಬೇಡವೋ ಎಂಬಂತೆ ಅರ್ಧ ಕೂತ. ದಪ್ಪ ಹುಬ್ಬಿನ, ಗಟ್ಟಿಮುಟ್ಟಾದ ಆಳು. ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾದಂತೆ ಕಾಣುತ್ತಿದ್ದ.

ನಾನು ಫಿಲಮನ್ನು ಬೆಳಕಿನ ಮೇಲೆ ಸಿಕ್ಕಿಸಿದೆ. ಏನು ಕಾಣುತ್ತದೆ ಎಂದು ಕೇಳಿದೆ.

ಅವನು ಮುಂದಕ್ಕೆ ಬಾಗಿ, ಕಣ್ಣು ಸಣ್ಣ ಮಾಡಿ, ಬೆಸುಗೆಯ ಗೆರೆಯುದ್ದಕ್ಕೂ ಬೆರಳು ಓಡಿಸಿದ. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲಿ ಸ್ವಲ್ಪ ಕಿಟ್ಟ ಉಳಿದಿದೆ ಮೇಡಂ. ಕೆತ್ತಿ ಇನ್ನೊಮ್ಮೆ ಬೆಸುಗೆ ಹಾಕ್ಬೇಕಿತ್ತು. ಹಾಕಿರ್ತಾರೆ."

"ಬೇರೆ?"

"ಬೇರೆ ಏನಿಲ್ಲ. ಒಳ್ಳೆ ಬೆಸುಗೆ."

ಅವನು ಬೆರಳಿಟ್ಟ ಜಾಗವನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ನಿಜಕ್ಕೂ ಅಲ್ಲೊಂದು ಚುಕ್ಕಿ ಇತ್ತು, ಮರಳಿನ ಕಣದಷ್ಟು. ಕಾರ್ಖಾನೆಯಲ್ಲಿ ಫಿಲಂ ಓದುವುದರಲ್ಲಿ ಇವನನ್ನು ಮೀರಿಸುವವರಿಲ್ಲ ಎಂದು ಅಲ್ಲಿಯ ಜನ ಹೇಳಿದ್ದು ಸುಳ್ಳಲ್ಲ. ಆ ಚುಕ್ಕಿ ಕಂಡ ಕಣ್ಣಿಗೆ ಅಂಗೈಯಗಲದ ಚೌಕ ಕಂಡಿಲ್ಲ. ಚೌಕದ ಮೇಲೆಯೇ ಬೆರಳು ದಾಟಿಸಿಕೊಂಡು ಹೋಗಿ ಚುಕ್ಕಿ ತೋರಿಸಿದ್ದ.

ನನಗೆ ಅಲ್ಲಿಗೇ ಗೊತ್ತಾಯಿತು. ಆದರೆ ಗೊತ್ತಾಗುವುದು ಬೇರೆ, ಅವನ ಬಾಯಿಂದ ಬರುವುದು ಬೇರೆ. ನೇರವಾಗಿ ಕೇಳಿದರೆ ಇಂಥವರು ಬಾಯಿ ಹೊಲಿದುಕೊಂಡು ಕೂರುತ್ತಾರೆ. ಹೆದರಿಸಿದರೂ ಅಷ್ಟೆ. ನನ್ನಂಥವಳನ್ನು ಮಾತಾಡಿಸಬೇಕಾದರೆ ಏನು ಮಾಡಬೇಕು ಎಂದು ಯೋಚಿಸಿದೆ. ಉತ್ತರ ಹೊಳೆಯಲು ಹೊತ್ತು ಬೇಕಾಗಲಿಲ್ಲ.

ಆಸ್ಪತ್ರೆಯಿಂದ ಈಗಷ್ಟೇ ಸುದ್ದಿ ಬಂತು ಎಂದೆ. ಬ್ಯಾಡ್ಜನ್ನು ತಾನೇ ಅಲ್ಲಿ ಮರೆತು ಬಿಟ್ಟದ್ದು, ತಪ್ಪು ತನ್ನದೇ, ಅಣ್ಣನಿಗೆ ಏನೂ ತೊಂದರೆ ಕೊಡಬೇಡಿ ಎಂದು ಸೀಟಿ ಒಪ್ಪಿಕೊಂಡಿದ್ದಾನೆ ಎಂದೆ. ಅವನ ದೊಡ್ಡ ಮನಸ್ಸು ನೋಡಿ ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರಂತೆ ಎಂದು ಸೇರಿಸಿದೆ. ಅವನ ಅತ್ತಿಗೆಯಂತೂ, ಎಂದು ಶುರುಮಾಡಿ ಅಲ್ಲಿಗೇ ಬಿಟ್ಟೆ.

ಶುದ್ಧ ಸುಳ್ಳು. ಸೀಟಿ ಹೇಳಿದ್ದು ಇಷ್ಟೇ: ಅಂದು ಮಧ್ಯಾಹ್ನ ಬ್ಯಾಡ್ಜ್ ಕಾಣಲಿಲ್ಲ, ಸಂಜೆ ನೋಡಿದರೆ ಗೂಟದಲ್ಲಿತ್ತು, ಬೇರೇನೂ ಗೊತ್ತಿಲ್ಲ.

ಮೇಸ್ತ್ರಿಯ ಕುತ್ತಿಗೆ ಕೆಂಪಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಎಸೆದ.

"ಇದರಲ್ಲೂ ಅವನೇ ದೊಡ್ಡವನಾಗ್ಬೇಕಾ?" ಎಂದ. "ಅವನ್ಯಾಕೆ ಒಪ್ಕೋಬೇಕು? ಕಟ್ಟಿದ್ದು ನಾನು. ಹೋಗಿ ಹೇಳಿ ಅವರಿಗೆಲ್ಲ. ನಾನು ಕಟ್ಟಿದ್ದು."

ಹೇಳಿದ ಮೇಲೆ ಅವನಿಗೇ ತಾನು ಹೇಳಿದ್ದು ಕೇಳಿಸಿರಬೇಕು. ಕುರ್ಚಿಯಲ್ಲಿ ಪೂರ್ತಿ ಕೂತ.

ಆಮೇಲೆ ಎಲ್ಲ ಹೇಳಿಕೊಂಡ. ತಡೆಯಲು ಹೋದರೂ ನಿಲ್ಲುವಂತಿರಲಿಲ್ಲ. ಬ್ಯಾಡ್ಜಿನಲ್ಲಿ ಮಿತಿ ಮೀರಿ ಬಂದರೆ ಆ ಕೆಲಸಗಾರನನ್ನು ಸೋರ್ಸಿನ ಹತ್ತಿರ ಬಿಡುವುದಿಲ್ಲ, ಬೇರೆ ವಿಭಾಗಕ್ಕೆ ಹಾಕುತ್ತಾರೆ. ತಮ್ಮ ಒಂದು ವರ್ಷ ಕಣ್ಣೆದುರಿಗೆ ಇಲ್ಲದಿದ್ದರೆ ಸಾಕು ಎನಿಸಿತ್ತು. ಪೇಂಟಿಂಗ್ ವಿಭಾಗಕ್ಕೋ ಉಗ್ರಾಣಕ್ಕೋ ಹೋಗಲಿ, ಅಲ್ಲಿ ಸೀಟಿ ಹೊಡೆದುಕೊಂಡಿರಲಿ. ಮಧ್ಯಾಹ್ನ ಗೂಟದಿಂದ ಅವನ ಬ್ಯಾಡ್ಜ್ ತೆಗೆದು, ಶಾಟಿಗೆ ಎಲ್ಲ ಜೋಡಿಸುವಾಗ ಸ್ಟ್ಯಾಂಡಿನ ಅಡ್ಡಕಂಬಿಗೆ ದಾರದಲ್ಲಿ ಕಟ್ಟಿದ್ದ. ಎಷ್ಟು ದೂರದಲ್ಲಿ ಕಟ್ಟಿದರೆ ಎಷ್ಟು ತೋರಿಸುತ್ತದೆ ಎಂದು ಲೆಕ್ಕ ಹಾಕಲಿಲ್ಲವೇ ಎಂದು ಕೇಳಿದೆ.

ಹಾಕಲಿಲ್ಲ ಎಂದ. ಪ್ರತಿ ಶಾಟಿಗೂ ತಟ್ಟೆಯ ದಪ್ಪ, ದೂರ, ಹೊತ್ತು ಎಲ್ಲ ಬಾಯಿಲೆಕ್ಕದಲ್ಲೇ ಹೇಳುವ ಮನುಷ್ಯ ಇದೊಂದನ್ನು ಲೆಕ್ಕವಿಲ್ಲದೆ ಮಾಡಿದ್ದ. ಅಂದು ಬೆಳಿಗ್ಗೆ ಹೆಂಡತಿ ಡಾರ್ಕ್‌ರೂಮಿನಲ್ಲಿ ಜೋರಾಗಿ ನಕ್ಕಿದ್ದಳಂತೆ. ಯಾಕೆ ನಕ್ಕೆ ಎಂದು ಕೇಳಿದರೆ, ನಿಮಗೆ ಹೇಳಿದರೆ ನಗು ಬರಲ್ಲ ಬಿಡಿ ಎಂದಿದ್ದಳಂತೆ.

"ಅವನಿಗೇನೂ ಆಗಿಲ್ಲ ಅಂತ ನಂಗೆ ಮೊದಲಿಂದ ಗೊತ್ತಿತ್ತು," ಎಂದ. "ಅದಕ್ಕೆ ಸುಮ್ಮನಿದ್ದೆ. ರಕ್ತ ಚೆನ್ನಾಗೇ ಬರತ್ತೆ, ಬಿಟ್ಟುಬಿಡ್ತಾರೆ ಅಂತ. ಆದ್ರೆ ಎಲ್ಲರೂ ಹಣ್ಣು ಹಿಡ್ಕೊಂಡು ಆಸ್ಪತ್ರೆಗೆ ಓಡ್ತಿದ್ದಾರೆ ಮೇಡಂ. ಇವಳು ದಿನಾ ಅಳ್ತಾಳೆ. ದೂರ ಮಾಡೋಕೆ ಹೋಗಿ ನಾನೇ ಅವನನ್ನ ಅಟ್ಟದ ಮೇಲೆ ಕೂರಿಸ್ದೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ತಂಗಿಯ ಮೇಲೆ ನಾನು ಸಾಹೇಬರ ಹತ್ತಿರ ಚಾಡಿ ಹೇಳಿದಾಗಲೆಲ್ಲ ಅವಳಿಗೆ ಬಡ್ತಿ ಸಿಕ್ಕಿದೆ.

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಕಟ್ಟಿದವನೇ ಹೆದರಿ ನಡುವೆ ಬಿಚ್ಚಿದ್ದಾನೆ, ಇವನನ್ನೇ ಆಸ್ಪತ್ರೆಗೆ ಕಳಿಸಬೇಕು ಎಂದು ಲೆಕ್ಕ. ಬಿಚ್ಚುವಾಗ ಎಷ್ಟು ಹೊತ್ತು ಒಳಗಿದ್ದಿರಿ ಎಂದು ಕೇಳಿದೆ.

"ನಾನೆಲ್ಲಿ ಬಿಚ್ಚಿದೆ?" ಎಂದ.

ಶಾಟ್ ಮುಗಿದು, ಸೋರ್ಸನ್ನು ಪೆಟ್ಟಿಗೆಯೊಳಕ್ಕೆ ತಿರುಗಿಸಿಕೊಂಡು, ಮೀಟರ್ ಹಿಡಿದು ಒಳಗೆ ಹೋದಾಗ ಅಡ್ಡಕಂಬಿಯಲ್ಲಿ ಬ್ಯಾಡ್ಜೂ ಇರಲಿಲ್ಲ, ದಾರವೂ ಇರಲಿಲ್ಲವಂತೆ. ಸಂಜೆ ನೋಡಿದರೆ ಗೂಟದಲ್ಲಿ ತೂಗುತ್ತಿತ್ತು. ಶಾಟ್ ಮುಗಿದ ಮೇಲೆ ತನಗಿಂತ ಮೊದಲು ತಮ್ಮ ಒಳಗೆ ಹೋಗಿ, ನೋಡಿ, ತೆಗೆದುಕೊಂಡಿರಬೇಕು ಎಂದು ಇವನ ಎಣಿಕೆ. ನೋಡಿಯೂ ಒಂದು ಮಾತು ಕೇಳಲಿಲ್ಲವಲ್ಲ, ಅಷ್ಟು ಒಳ್ಳೆಯವನಾ ಎಂದು ಇನ್ನಷ್ಟು ಉರಿದುಹೋಗಿದ್ದ.

ಪರೀಕ್ಷೆಯ ಬ್ಯಾಡ್ಜಿನಲ್ಲಿ ಎರಡರಷ್ಟು ಬಂದಿದೆ ಎಂದು ಹೇಳಿದೆ. ಬೇರೇನೂ ವಿವರಿಸುವ ಅಗತ್ಯ ಬೀಳಲಿಲ್ಲ.

"ನಡುವೆನಾ?" ಎಂದ. "ದೀಪ ಇದ್ದಾಗ?"

ಗಾಮಾ ಕೋಣೆಗೆ ಎರಡು ದಾರಿ. ಮುಂದಿನದರ ಹೊರಗೆ ಮೇಸ್ತ್ರಿ ಹಿಡಿಕೆಯ ಹತ್ತಿರ ಕೂತಿರುತ್ತಾನೆ. ಅಲ್ಲಿಂದ ಒಂದು ಬೆಕ್ಕೂ ನುಸುಳಲಾರದು. ಹಿಂದಿನದು ಡಾರ್ಕ್‌ರೂಮಿನ ಕಡೆಗೆ ತೆರೆಯುತ್ತದೆ, ಫಿಲಂ ತಂದು ಕೊಡುವ ದಾರಿ. ಅದಕ್ಕೆ ಬಾಗಿಲಿಲ್ಲ, ತಿರುವು ತಿರುವಾದ ಗೋಡೆ ಮತ್ತು ಅಡ್ಡ ಕಟ್ಟಿದ ಒಂದು ಹಗ್ಗ. ಅಲ್ಲಿ ಕಾಯುವುದು ಜೊ‌ತೆಗಾರನ ಕೆಲಸ. ಅಂದರೆ ಸೀಟಿಯ ಕೆಲಸ.

ಹಾಗಾದರೆ ಸೀಟಿಯೇ. ತನ್ನ ಬ್ಯಾಡ್ಜ್ ಹುಡುಕಿಕೊಂಡು ಅವನೇ ಒಳಗೆ ಹೋಗಿದ್ದಾನೆ. ಮೇಸ್ತ್ರಿಗೂ ಅದೇ ಹೊಳೆದಿತ್ತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬ್ಯಾಡ್ಜಿಗೆ ಮಾತ್ರ ಹೊಡೆದೆ ಎಂದು ಇಷ್ಟು ದಿನ ಧೈರ್ಯವಾಗಿದ್ದವನು ಈಗ ತಮ್ಮನಿಗೇ ಹೊಡೆದೆನಾ ಎಂದು ಹೆದರಿಹೋಗಿದ್ದ. ಮೊದಲ ಬಾರಿಗೆ ನನಗೆ ಅವನ ಮೇಲೆ ಕನಿಕರ ಬಂತು.

"ಅವನಲ್ಲ. ನಾನು ಬಿಚ್ಚಿದೆ."

ಡಾರ್ಕ್‌ರೂಮಿನ ಬಾಗಿಲಲ್ಲಿ ಫಿಲಮಕ್ಕ ನಿಂತಿದ್ದಳು. ಎರಡೂ ಕೈಯಲ್ಲಿ ಚೌಕಟ್ಟಿಗೆ ಸಿಕ್ಕಿಸಿದ ಒದ್ದೆ ಫಿಲಂ. ನೀರು ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ತೆಳ್ಳಗಿನ, ಚುರುಕು ಮುಖದ ಹೆಂಗಸು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ಗೊತ್ತಿಲ್ಲ. ಫಿಲಂಗಳನ್ನು ಜೋಪಾನವಾಗಿ ಕಂಬಿಗೆ ನೇತುಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಆಮೇಲೆ ಮಾತಾಡಿದಳು.

ಶಾಟಿಗೆ ಮೊದಲು ಫಿಲಂ ಇಡಲು ಒಳಗೆ ಹೋಗಿದ್ದಾಗ ಅಡ್ಡಕಂಬಿಯಲ್ಲಿ ಒಂದು ಬ್ಯಾಡ್ಜ್ ತೂಗುವುದು ಕಣ್ಣಿಗೆ ಬಿದ್ದಿತ್ತು. ಹೆಸರಿನ ಮುಖ ಆ ಕಡೆಗಿತ್ತು. ಕೆಲಸಕ್ಕೆ ಬಾಗುವಾಗ ಗಂಡ ಅದನ್ನು ತೆಗೆದು ಅಲ್ಲಿ ಸಿಕ್ಕಿಸಿದ್ದಾನೆ, ಹೊರಡುವಾಗ ತೆಗೆದುಕೊಳ್ಳುತ್ತಾನೆ ಎಂದುಕೊಂಡಳು. ಡಾರ್ಕ್‌ರೂಮಿಗೆ ಬಂದು ನೀರು ಬದಲಿಸುತ್ತಿದ್ದಾಗ ಕೆಂಪು ದೀಪ ಹೊತ್ತಿತು. ತೆಗೆದುಕೊಂಡನೋ ಇಲ್ಲವೋ. ಬ್ಯಾಡ್ಜಿನಲ್ಲಿ ಮಿತಿ ಮೀರಿದರೆ ಗಂಡನನ್ನು ಕೆಲಸದಿಂದ ಪಕ್ಕಕ್ಕೆ ಸರಿಸುತ್ತಾರೆ, ಜಾಗ ತಮ್ಮನಿಗೆ ಹೋಗುತ್ತದೆ. ಆ ಮೇಲೆ ಈ ಮನುಷ್ಯ ಮನೆಯಲ್ಲಿ ಯಾರನ್ನೂ ಬದುಕಗೊಡುವುದಿಲ್ಲ.

ಕೂಗಿ ನಿಲ್ಲಿಸಬಹುದಿತ್ತಲ್ಲ ಎಂದೆ. ಗ್ರೈಂಡರುಗಳ ಸದ್ದಿನಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ ಎಂದಳು. ಸುತ್ತಿಬಳಸಿ ಮುಂದಿನ ಕಡೆಗೆ ಓಡಬೇಕು. ಅಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. ಹೀಗೆ ಹೋಗಿ ಹಾಗೆ ಬಂದುಬಿಡೋಣ, ಒಂದು ಗಳಿಗೆಯಲ್ಲಿ ಏನಾದೀತು ಎಂದುಕೊಂಡಳು. ಈ ಕಸುಬಿನವರೆಲ್ಲ ಮಾಡುವ ತಪ್ಪು ಅದು. ವಿಕಿರಣ ತಾಗುವಾಗ ಸುಡುವುದಿಲ್ಲ, ಕುಟುಕುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ವರ್ಷಗಟ್ಟಲೆ ಅದರ ಪಕ್ಕದಲ್ಲಿ ಕೂತು ಉಂಡವರಿಗೆ ಅದರ ಹೆದರಿಕೆ ಸವೆದುಹೋಗಿರುತ್ತದೆ. ಡಾರ್ಕ್‌ರೂಮಿನವರಿಗೆ ಬ್ಯಾಡ್ಜೂ ಕೊಟ್ಟಿಲ್ಲ. ಅವಳಿಗೆ ಎಷ್ಟು ತಾಗಿದೆ ಎಂದು ಹೇಳುವ ಒಂದು ಬಿಲ್ಲೆಯೂ ಈ ಲೋಕದಲ್ಲಿಲ್ಲ.

"ಎಷ್ಟು ಹೊತ್ತು ಇದ್ರಿ ಒಳಗೆ?" ಎಂದೆ.

"ಗೊತ್ತಿಲ್ಲ ಮೇಡಂ. ಗಂಟು ಬಿಗಿಯಾಗಿತ್ತು. ಉಗುರಿಗೆ ಸಿಗ್ಲಿಲ್ಲ. ಕೊನೆಗೆ ಹಲ್ಲಲ್ಲಿ ಕಚ್ಚಿ ಬಿಚ್ಚಿದೆ."

ಹಲ್ಲಲ್ಲಿ. ಕಾಳಿನಷ್ಟಿರುವ ಆ ಸೋರ್ಸಿಗೂ ಅವಳ ಕೆನ್ನೆಗೂ ನಡುವೆ ಒಂದು ಗೇಣು ಜಾಗವೂ ಇದ್ದಿರಲಾರದು. ಹೊರಡಿ, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದು ನಾನು ಎದ್ದೆ.

ಮೇಸ್ತ್ರಿ ಏಳಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಿದ್ದ.

"ಯಾರದು ಅಂದ್ಕೊಂಡು ಹೋದೆ?" ಎಂದ.

ಎಲಾ ಮನುಷ್ಯಾ ಎನಿಸಿತು ನನಗೆ. ಬೈಯಲು ಬಾಯಿ ತೆರೆದವಳು ಸುಮ್ಮನಾದೆ, ಏಕೆಂದರೆ ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

"ಹೇಳಿದ್ನಲ್ಲ. ನಿಮ್ಮದು ಅಂತ ಹೋದೆ," ಎಂದಳು ಫಿಲಮಕ್ಕ. "ಹತ್ರ ಹೋಗಿ ತಿರುಗಿಸಿದ್ರೆ ಅವನ ಹೆಸರಿತ್ತು. ಗಂಟು ನಿಮ್ಮದು ಅಂತ ಅದನ್ನ ನೋಡಿದ ಕೂಡಲೇ ಗೊತ್ತಾಯ್ತು. ಬೇರೆ ಯಾರು ಹಾಗೆ ಗಂಟು ಹಾಕ್ತಾರೆ?"

ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ. ಬ್ಯಾಡ್ಜನ್ನು ಗೂಟಕ್ಕೆ ತೂಗುಹಾಕಿ, ನೆರಳು ಬಿದ್ದ ಫಿಲಮನ್ನು ಕೆಟ್ಟಿದೆ ಎಂದು ಪೆಟ್ಟಿಗೆಗೆ ಹಾಕಿ, ಗಂಡನ ಎದುರಿಗೆ ಏನೂ ಆಗದವಳಂತೆ ಓಡಾಡಿದಳು. ಬಾಯಿಬಿಟ್ಟರೆ ಗಂಡ ಜೈಲಿಗೆ ಹೋಗುತ್ತಾನೆ, ಬಿಡದಿದ್ದರೆ ಮೈದುನ ಆಸ್ಪತ್ರೆಯಲ್ಲಿ ಕೊಳೆಯುತ್ತಾನೆ. ದಿನಾ ಅತ್ತದ್ದು ಅದಕ್ಕಂತೆ.

ಮೇಸ್ತ್ರಿ ಎದ್ದುಬಂದು ಅವಳ ಬಲಗೈ ಹಿಡಿದುಕೊಂಡ. ಬೆಳಕಿನ ಪೆಟ್ಟಿಗೆಯ ಹತ್ತಿರ ಎಳೆದು, ಒಂದೊಂದೇ ಬೆರಳನ್ನು ತಿರುಗಿಸಿ, ಫಿಲಮಿನಲ್ಲಿ ಬಿರುಕು ಹುಡುಕುವಷ್ಟು ಎಚ್ಚರದಿಂದ ನೋಡತೊಡಗಿದ. ತುಟಿ ತೋರಿಸು ಎಂದ. ಅವಳು ಮುಖ ಎತ್ತಿದಳು. ಅವನ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ನಾನು ಬೇರೆ ಕಡೆ ತಿರುಗಿದೆ. ನನ್ನ ಬ್ಯಾಡ್ಜ್ ಎಂದುಕೊಂಡು ಕೆಂಪು ದೀಪದೊಳಗೆ ಓಡುವವರು ಯಾರಿದ್ದಾರೆ ಎಂದು ಒಂದು ಸುತ್ತು ಯೋಚಿಸಿದೆ. ತಂಗಿಯ ಮುಖ ಬಿಟ್ಟು ಬೇರೆ ಯಾವುದೂ ನೆನಪಿಗೆ ಬರಲಿಲ್ಲ, ಅದಕ್ಕೂ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ ಆ ಮನುಷ್ಯನನ್ನು ಕಂಡು ಹೊಟ್ಟೆ ಉರಿಯಿತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಹಿಂದಿನ ದಾರಿಯಲ್ಲಿ ಕಾಯಬೇಕಾಗಿದ್ದ ಸೀಟಿ ಆಗ ಎಲ್ಲಿದ್ದ, ನಿಮ್ಮನ್ನು ತಡೆಯಲಿಲ್ಲವೇ ಎಂದು ಕೇಳಿದೆ.

"ಅವನು ಇರ್ಲಿಲ್ಲ," ಎಂದಳು. ತಕ್ಷಣ ಹೇಳಿದಳು. "ಬ್ಯಾಡ್ಜ್ ಹುಡುಕೋಕೆ ಎಲ್ಲೋ ಹೋಗಿದ್ದ ಅನ್ಸತ್ತೆ. ಯಾರೂ ಇರ್ಲಿಲ್ಲ. ನಾನೊಬ್ಳೇ ಹೋಗಿ ಬಂದೆ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತಂಗಿ. ಗ್ರೈಂಡರುಗಳ ಸದ್ದಿಗೆ ಹೆದರಿ ಬೆಳಿಗ್ಗೆಯೇ ದನಿಯನ್ನು ಪೂರ್ತಿ ಏರಿಸಿಟ್ಟಿದ್ದೆ. ಇಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ಅವಳ ಒಂದೊಂದು ಮಾತೂ ಗೋಡೆಗೆ ತಾಗಿ ಬಂತು.

"ಅಕ್ಕ, ಸೀಟಿಯ ರಕ್ತದ್ದು ಬಂತು. ನಾವು ಅಂದ್ಕೊಂಡ ಹಾಗಿಲ್ಲ. ಬ್ಯಾಡ್ಜ್ ಅವನ ಮೈಮೇಲೆ ಇರ್ಲಿಲ್ಲ ನಿಜ, ಆದ್ರೆ ಅವನಿಗೂ ತಾಗಿದೆ. ಚೆನ್ನಾಗೇ ತಾಗಿದೆ. ಹೀಗೆ ಹೋಗಿ ಹಾಗೆ ಬಂದಿದ್ದಲ್ಲ, ಒಳಗೆ ನಿಂತಿದ್ದಾನೆ. ಅಲ್ಲಿಯ ಡಾಕ್ಟರ ಹತ್ರ ಎರಡು ಸಲ ಕೇಳ್ದೆ."

ಎಂದರೆ ಫಿಲಮಕ್ಕ ಗಂಟು ಕಚ್ಚಿ ಬಿಚ್ಚುವಷ್ಟು ಹೊತ್ತೂ ಸೀಟಿ ಅವಳ ಪಕ್ಕದಲ್ಲೇ ನಿಂತಿದ್ದಿರಬೇಕು. ಫೋನ್ ಇಳಿಸಿದಾಗ ಮೇಸ್ತ್ರಿ ಹೆಂಡತಿಯ ಕೈ ಬಿಟ್ಟಿದ್ದ.

"ಒಬ್ಳೇ ಅಂದ್ಯಲ್ಲ," ಎಂದ ಅವನು. ದನಿ ಏರಿರಲಿಲ್ಲ.

ಫಿಲಮಕ್ಕ ಅವನ ಕಡೆ ನೋಡಲಿಲ್ಲ. ಇಷ್ಟು ಹೊತ್ತಿನಲ್ಲಿ ತನ್ನ ಕೈಗೆ ಏನಾಗುತ್ತದೆ, ಮುಖಕ್ಕೆ ಏನಾಗುತ್ತದೆ ಎಂದು ಒಂದು ಮಾತೂ ಕೇಳದಿದ್ದವಳು ನನ್ನ ತೋಳು ಹಿಡಿದುಕೊಂಡಳು.

"ಅವನು ಬದುಕ್ತಾನಾ ಮೇಡಂ?"

ಬದುಕುತ್ತಾನೆ, ಹೆದರಬೇಡಿ, ಮೊದಲು ನೀವು ನನ್ನ ಜೊತೆ ಹೊರಡಿ ಎಂದು ಹೇಳುತ್ತಿದ್ದಂತೆ ನನ್ನ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಮೇಸ್ತ್ರಿ ಹೊಸ್ತಿಲು ದಾಟಿದ್ದ. ಎಲ್ಲಿಗೆ ಎಂದು ಕೂಗಿದೆ.

ತಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದ. ಸೀಟಿ ಆಸ್ಪತ್ರೆ ಸೇರಿದ ಮೇಲೆ ಅವನು ಅಲ್ಲಿಗೆ ಹೊರಟಿದ್ದು ಅದೇ ಮೊದಲು.